ಸರ್ಪ್‌ಬೇರ್ ಪುಕ್ಕಟೆ, ಗೂಗಲ್ ಪುಟ ಪುಕ್ಕಟೆಯಲ್ಲ

12 ಅಕ್ಟೋಬರ್ 2025, ಭಾನುವಾರ

ಇಂದಿನ ಕೆಲಸ: ಗೂಗಲ್‌ನಲ್ಲಿ ಕೀವರ್ಡ್‌ಗಳಿಗೆ (ಹುಡುಕುವ ಪದಗಳಿಗೆ) ನಮ್ಮ ಪುಟದ ರ‍್ಯಾಂಕ್ ಗಮನಿಸುವ ಸರ್ಪ್‌ಬೇರ್ ಎಂಬ ತಂತ್ರಾಂಶವನ್ನು ಸ್ವಂತ ಸರ್ವರ್‌ಗೆ ಹಾಕುವುದು. ಡಾಕರ್ ಇಮೇಜ್ (ತಂತ್ರಾಂಶದ ಸಿದ್ಧ ಕಟ್ಟು) ಇಳಿಸಿ ಕಂಟೇನರ್ (ಅದು ಓಡುವ ಪ್ರತ್ಯೇಕ ಪೆಟ್ಟಿಗೆ) ಓಡಿಸಲು ಐದು ನಿಮಿಷ ಸಾಕು. ಆಮೇಲೆ ಕಾಡುವ ತಪ್ಪುಗಳೆಲ್ಲ ಆಗುವುದೂ ಆ ಐದು ನಿಮಿಷದಲ್ಲೇ.

ಮೊದಲನೆಯದು ವಾಲ್ಯೂಮ್, ಅಂದರೆ ಕಂಟೇನರ್ ಅಳಿದರೂ ಉಳಿಯುವ ಸಂಗ್ರಹದ ಜಾಗ. ಕೀವರ್ಡ್, ಹಳೆಯ ರ‍್ಯಾಂಕ್, ಸೆಟ್ಟಿಂಗ್ ಎಲ್ಲವೂ ಕಂಟೇನರ್ ಒಳಗಿನ ಡೇಟಾ ಫೋಲ್ಡರಿನಲ್ಲಿ ಕೂರುತ್ತವೆ, ಡೇಟಾಬೇಸ್ ಎಸ್‌ಕ್ಯೂಲೈಟ್ ಎಂಬ ಒಂದೇ ಫೈಲಿನದು. ಆ ಫೋಲ್ಡರಿಗೆ ಹೆಸರಿಟ್ಟ ವಾಲ್ಯೂಮ್ ಜೋಡಿಸದೆ ಹೊಸ ಆವೃತ್ತಿಗೆ ಹೋದರೆ, ಹೊಸ ಕಂಟೇನರ್ ಖಾಲಿ ಡೇಟಾಬೇಸಿನಿಂದ ಶುರುವಾಗುತ್ತದೆ. ಬ್ಯಾಕಪ್ ತೆಗೆಯುವಾಗ ಓಡುತ್ತಿರುವ ಫೈಲನ್ನು ಹಾಗೇ ನಕಲು ಮಾಡಬಾರದು, ಬರೆಯುವ ಹೊತ್ತಿಗೆ ಸರಿಯಾಗಿ ಸಿಕ್ಕಿಬಿದ್ದರೆ ನಕಲು ಕೆಟ್ಟಿರುತ್ತದೆ. ಎಸ್‌ಕ್ಯೂಲೈಟ್‌ನದೇ ಬ್ಯಾಕಪ್ ಆಜ್ಞೆ ಬಳಸಿ, ಇಲ್ಲವೇ ಕಂಟೇನರ್ ನಿಲ್ಲಿಸಿ ನಕಲಿಸಿ.

ಎರಡನೆಯದು ಸೀಕ್ರೆಟ್, ಅಂದರೆ ನಾವು ಕೊಡುವ ಗುಪ್ತ ಸಾಲು. ಗೂಗಲ್ ಫಲಿತಾಂಶ ತಂದುಕೊಡುವ ಸ್ಕ್ರೇಪರ್ ಸೇವೆಯ ಕೀಲಿಯನ್ನು ಸರ್ಪ್‌ಬೇರ್ ಗೂಢಲಿಪೀಕರಿಸಿ ಇಡುವುದು ಈ ಸಾಲಿನಿಂದಲೇ. ದಾಖಲೆಯಲ್ಲಿ ಉದಾಹರಣೆಗೆ ಕೊಟ್ಟ ಸಾಲನ್ನೇ ಅಂಟಿಸಿದರೆ ಅದು ಗುಟ್ಟಲ್ಲ, ಇಡೀ ಲೋಕ ಓದಿದ ಪಠ್ಯ. ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಸಾಧನದಿಂದ 32 ಬೈಟ್‌ನ ಹೆಕ್ಸ್ ಸಾಲು ತೆಗೆದರೆ 64 ಅಕ್ಷರ ಸಿಗುತ್ತದೆ. ಅದನ್ನು ಬ್ಯಾಕಪ್‌ನ ಜೊತೆಗಲ್ಲ, ಬೇರೆ ಕಡೆ ಬರೆದಿಡಿ. ಮುಂದೆ ಬದಲಾಯಿಸಿದರೆ ಉಳಿಸಿಟ್ಟ ಕೀಲಿಗಳು ಬಿಚ್ಚಿಕೊಳ್ಳವು, ಮತ್ತೆ ನಮೂದಿಸಬೇಕು.

ಇನ್ನು ಪೋರ್ಟ್, ಅಂದರೆ ಹೊರಗಿನಿಂದ ಸರ್ವರ್‌ಗೆ ಬರುವ ಬಾಗಿಲು. 3000:3000 ಎಂದು ಬರೆದರೆ ಡಾಕರ್ ನೇರವಾಗಿ ಐಪಿಟೇಬಲ್ಸ್ (ಲಿನಕ್ಸ್‌ನ ಒಳಬರುವ ಸಂಚಾರ ತಡೆಯುವ ವ್ಯವಸ್ಥೆ) ನಿಯಮ ಹಾಕಿಕೊಳ್ಳುತ್ತದೆ. ಯುಎಫ್‌ಡಬ್ಲ್ಯೂ ಫೈರ್‌ವಾಲ್ ಮುಚ್ಚಿದೆ ಎಂದು ತೋರಿಸುತ್ತಿದ್ದರೂ ಬಾಗಿಲು ತೆರೆದೇ ಇರುತ್ತದೆ. 127.0.0.1:3000:3000 (ಸರ್ವರ್‌ನ ಒಳಗಿನಿಂದ ಮಾತ್ರ) ಎಂದು ಬರೆದು ಮುಂದೆ ಕ್ಯಾಡಿ ಎಂಬ ವೆಬ್ ಸರ್ವರ್ ನಿಲ್ಲಿಸಿದರೆ ಪ್ರಮಾಣಪತ್ರದ ತಲೆನೋವೂ ಇಲ್ಲ.

ಇಷ್ಟಾದ ಮೇಲೆ ನಿಜವಾದ ಲೆಕ್ಕ. ಜನವರಿ 2025ರಿಂದ ಜಾವಾಸ್ಕ್ರಿಪ್ಟ್ ಇಲ್ಲದೆ ಗೂಗಲ್ ಫಲಿತಾಂಶ ತೋರಿಸುವುದಿಲ್ಲ, ಡೇಟಾಸೆಂಟರ್ ಐಪಿಯಿಂದ ಕೇಳಿದರೆ ಕ್ಯಾಪ್ಚಾ ಎದುರಾಗುತ್ತದೆ. ಹಾಗಾಗಿ ಹೊರಗಿನ ಸ್ಕ್ರೇಪರ್ ಸೇವೆ ಬೇಕೇ ಬೇಕು, ಅದು ಎಣಿಸುವುದು ಕೋರಿಕೆಗಳನ್ನು. 50 ಕೀವರ್ಡ್, ದಿನಕ್ಕೊಮ್ಮೆ, ಮೊದಲ ಪುಟ ಮಾತ್ರ: ತಿಂಗಳಿಗೆ 1,500. ಮೊಬೈಲ್, ಡೆಸ್ಕ್‌ಟಾಪ್ ಎರಡೂ ಬೇಕೆಂದರೆ 3,000. ಹಿಂದೆ ಒಂದೇ ಕೋರಿಕೆಗೆ 100 ಫಲಿತಾಂಶ ಬರುತ್ತಿತ್ತು. ಸೆಪ್ಟೆಂಬರ್ 2025ರಲ್ಲಿ ಗೂಗಲ್ ಆ ಸೌಲಭ್ಯ ತೆಗೆದ ಮೇಲೆ ಹತ್ತು ಪುಟಕ್ಕೆ ಹತ್ತು ಕೋರಿಕೆ. ಅಂದರೆ 30,000! ಅರವತ್ತೇಳನೇ ಸ್ಥಾನ ಅರವತ್ತೊಂದಾಯಿತು ಎಂದು ತಿಳಿಯಲು ಇಷ್ಟು ಸುರಿಯುವುದು ದಂಡ.

ಕೆಳಗಿನ ಪುಟಗಳ ಸುದ್ದಿಗೆ ಗೂಗಲ್‌ನದೇ ಸರ್ಚ್ ಕನ್ಸೋಲ್ (ನಮ್ಮ ತಾಣ ಹುಡುಕಾಟದಲ್ಲಿ ಹೇಗೆ ಕಂಡಿತೆಂದು ಹೇಳುವ ಸೇವೆ) ಸಾಕು, ಅದಕ್ಕೆ ಹಣವಿಲ್ಲ. ಗೂಗಲ್ ಕ್ಲೌಡ್‌ನಲ್ಲಿ ಸರ್ವಿಸ್ ಅಕೌಂಟ್ (ಪ್ರೋಗ್ರಾಮ್ ಬಳಸುವ ಖಾತೆ) ಮಾಡಿ, ಸರ್ಚ್ ಕನ್ಸೋಲ್ ಎಪಿಐ ಚಾಲೂ ಮಾಡಿ, ಆ ಖಾತೆಯ ಇಮೇಲನ್ನು ಪ್ರಾಪರ್ಟಿಗೆ (ಕನ್ಸೋಲ್‌ನಲ್ಲಿ ನೋಂದಾಯಿಸಿದ ತಾಣಕ್ಕೆ) ಬಳಕೆದಾರನಾಗಿ ಸೇರಿಸಬೇಕು. ಈ ಕೊನೆಯ ಹೆಜ್ಜೆ ಮರೆತರೆ 403, ಅಂದರೆ ಅನುಮತಿಯಿಲ್ಲ ಎಂಬ ದೋಷ. ಆ ಖಾತೆಯ ಪ್ರೈವೇಟ್ ಕೀಲಿಯಲ್ಲಿ ಮತ್ತೊಂದು ಕಿರಿಕಿರಿ: ಜೇಸನ್ ಫೈಲಿನಲ್ಲಿ ಸಾಲಿನ ಕೊನೆ ಬ್ಯಾಕ್‌ಸ್ಲ್ಯಾಶ್ ಮತ್ತು ಎನ್ ಎಂಬ ಎರಡು ಅಕ್ಷರಗಳಾಗಿರುತ್ತದೆ. ಸರ್ಪ್‌ಬೇರ್‌ನ ಎನ್ವಿರಾನ್ಮೆಂಟ್ (ಸೆಟ್ಟಿಂಗ್) ಫೈಲಿಗೆ ಅಂಟಿಸುವಾಗ ಒಂದು ಉದುರಿದರೂ ಕೀಲಿ ಅಮಾನ್ಯ.

ಸರ್ಪ್‌ಬೇರ್, ಕನ್ಸೋಲ್ ಎರಡೂ ಕಡೆಯ ಅಂಕಿ ತಾಳೆಯಾಗುವುದಿಲ್ಲ, ಆಗಲೂಬಾರದು. ಒಂದು ಕೀವರ್ಡ್‌ಗೆ ಪುಟ ಒಮ್ಮೆ 3ನೇ ಸ್ಥಾನದಲ್ಲಿ, ಮೂರು ಸಲ 9ನೇ ಸ್ಥಾನದಲ್ಲಿ ಕಂಡರೆ ಕನ್ಸೋಲ್ ಹೇಳುವುದು 7.5. ಆ ಸ್ಥಾನದಲ್ಲಿ ಪುಟವನ್ನು ಯಾರೂ ನೋಡಿಲ್ಲ. ಸರ್ಪ್‌ಬೇರ್ ಹೇಳುವುದು ಒಂದು ದೇಶದಿಂದ, ಒಂದು ಸಾಧನದಲ್ಲಿ, ಆ ಒಂದು ಗಳಿಗೆಯಲ್ಲಿ ಕಂಡದ್ದನ್ನು.

ಸದ್ಯದ ಸೆಟ್ಟಿಂಗ್: 50 ಕೀವರ್ಡ್, ಮೊಬೈಲ್ ಮಾತ್ರ, ಮೊದಲ ಪುಟ, ವಾರಕ್ಕೊಮ್ಮೆ. ಮರುಯತ್ನ ಬಿಟ್ಟರೆ ತಿಂಗಳಿಗೆ 250 ಮೀರುವುದಿಲ್ಲ. ಅವಧಿ ಬದಲಿಸಿದ ಮೇಲೆ ಕಂಟೇನರ್ ಮರುಚಾಲನೆ ಮಾಡದಿದ್ದರೆ ಹಳೆಯ ವೇಳಾಪಟ್ಟಿಯೇ ಓಡುತ್ತಿರುತ್ತದೆ. ಕನ್ಸೋಲ್ 16 ತಿಂಗಳಿಗಿಂತ ಹಿಂದಿನದನ್ನು ಕೊಡುವುದಿಲ್ಲವಾದ್ದರಿಂದ ಅದರ ಅಂಕಿಗಳನ್ನು ತಿಂಗಳಿಗೊಮ್ಮೆ ಪ್ರತ್ಯೇಕ ಫೈಲಿಗೆ ಇಳಿಸುವ ಕ್ರಾನ್ ಸಾಲೊಂದು (ನಿಗದಿತ ವೇಳೆಗೆ ತಾನೇ ಓಡುವ ಆಜ್ಞೆ) ಬಾಕಿ.