ಆನಿಸ್ಟನ್‌ನ ಅಡುಗೆಮನೆಯಲ್ಲಿ ಒಂದು ಹಳೇ ಫ್ರಾಕು

ಅಮೆರಿಕದ ದಕ್ಷಿಣದಲ್ಲಿ, ಅನುಕೂಲಸ್ಥ ಬಿಳಿಯರ ಮನೆಯ ಮಗುವನ್ನು ಕೂರಿಸಿಕೊಂಡು ವರ್ಣಭೇದದ ಪಾಠ ಹೇಳಬೇಕಾಗಿರಲಿಲ್ಲ. ಮಾತು ತಿದ್ದುವಾಗ, ಕುರ್ಚಿ ತೋರಿಸುವಾಗ, ಹಳೇ ಬಟ್ಟೆ ಕೊಡುವಾಗ ಅದು ತಾನಾಗಿ ಮೈಗೂಡುತ್ತಿತ್ತು. ಅದನ್ನು ಎಳೆ ಎಳೆಯಾಗಿ ಬಿಡಿಸಿ ಬರೆದವರಲ್ಲಿ, ಅಂಥದೇ ಬಿಳಿಯರ ಮನೆಯಲ್ಲಿ ಬೆಳೆದ ಪತ್ರಕರ್ತೆ ಆನ್ ಬ್ರೇಡನ್ ಮುಖ್ಯರು.

1924ರಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿ ಹುಟ್ಟಿದ ಆನ್ ಬೆಳೆದದ್ದು ಆಲಬಾಮಾದ ಆನಿಸ್ಟನ್‌ನಲ್ಲಿ. ತೀರಾ ಚಿಕ್ಕವಳಿದ್ದಾಗ ಒಮ್ಮೆ ಕಪ್ಪು ಹೆಂಗಸೊಬ್ಬರನ್ನು 'ಲೇಡಿ' ಅಂದುಬಿಟ್ಟಳು. ತಾಯಿ ತಿದ್ದಿದರು: ಬಿಳಿಯರಾದರೆ ಲೇಡಿ, ಕಪ್ಪು ಬಣ್ಣದವರಾದರೆ ಬರೀ ವುಮನ್. 'ಅವರು' ಅನ್ನಬೇಕಾದಲ್ಲಿ 'ಅವಳು' ಅಂದರೆ ಏನಾಗುತ್ತದೆಂದು ಬಲ್ಲ ನಮಗೆ ಇದರ ತೂಕ ಬಿಡಿಸಿ ಹೇಳಬೇಕಿಲ್ಲ. ವಯಸ್ಸಾದ ಕಪ್ಪು ಜನರನ್ನೂ ಬಿಳಿ ಮಕ್ಕಳು ಬರೀ ಹೆಸರು ಹಿಡಿದು ಕರೆಯುತ್ತಿದ್ದರು; ಮಿಸ್ಟರ್, ಮಿಸೆಸ್ ಎಂಬ ಗೌರವ ಅವರಿಗೆ ಸಲ್ಲುತ್ತಿರಲಿಲ್ಲ.

ಆನ್‌ಗೆ ಚಿಕ್ಕದಾದ ಬಟ್ಟೆಗಳು ಮನೆಕೆಲಸದಾಕೆಯ ಮಗಳಿಗೆ ಹೋಗುತ್ತಿದ್ದವು. ಆ ಹುಡುಗಿ ಆನ್‌ಗಿಂತ ದಪ್ಪ. ತಾಯಿಯ ಕೆಲಸ ಮುಗಿಯುವವರೆಗೂ ಅಡುಗೆಮನೆಯ ನೆಟ್ಟನೆಯ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದಳು. ಒಳಗಿನ ಮೆತ್ತನೆ ಕುರ್ಚಿಗಳಲ್ಲಿ ಕೂರುವಂತಿರಲಿಲ್ಲ. ಬಣ್ಣ ಮಾಸಿದ ಫ್ರಾಕು ಸೊಂಟದಲ್ಲಿ, ಕುತ್ತಿಗೆಯಲ್ಲಿ ಬಿಗಿಯಾಗಿ ಹಿಡಿದಿರುತ್ತಿತ್ತು. ಬಟ್ಟೆಯಿಲ್ಲದವರಿಗೆ ಬಟ್ಟೆ ಕೊಡಿ ಎಂದು ಚರ್ಚ್‌ನಲ್ಲಿ ಕೇಳಿದ್ದ ಆನ್‌ಗೆ, ಇದು ಯೇಸು ಹೇಳಿದ ದಾನವಲ್ಲ, ಇಲ್ಲೇನೋ ತಪ್ಪಿದೆ ಅನ್ನಿಸಿತು. ಕ್ರೌರ್ಯವನ್ನು ಮಗು ಹೇಗೋ ಗುರುತಿಸುತ್ತದೆ. ಒಳ್ಳೆಯತನದ ಹೆಸರಲ್ಲಿ ನಡೆಯುವ ಅನ್ಯಾಯ ಕಣ್ಣಿಗೆ ಬೀಳುವುದು ಬಹಳ ಕಷ್ಟ, ಏಕೆಂದರೆ ಅದನ್ನು ನಡೆಸುತ್ತಿರುವವರು ತನ್ನನ್ನು ಪ್ರೀತಿಸುವ ಹೆತ್ತವರೇ.

ಹಾಗನ್ನಿಸಿದ ಮಾತ್ರಕ್ಕೆ ಎಲ್ಲವೂ ಬದಲಾಗಲಿಲ್ಲ. ಕಾಲೇಜು ಮುಗಿಸಿ ಆಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಪತ್ರಕರ್ತೆಯಾಗಿದ್ದಾಗ, ಒಂದು ಬೆಳಿಗ್ಗೆ ತಿಂಡಿ ತಿನ್ನುತ್ತಾ ಸ್ನೇಹಿತರೊಬ್ಬರು ಏನಾದರೂ ಸುದ್ದಿ ಇದೆಯೇ ಎಂದು ಕೇಳಿದರು. ಏನಿಲ್ಲ, ಒಂದು ಕಪ್ಪು ಕೊಲೆ ಅಷ್ಟೇ, ಎಂದರು ಆನ್; ಕಪ್ಪು ಜನರ ನಡುವಿನ ಕೊಲೆ ಸುದ್ದಿಯೇ ಅಲ್ಲ ಎಂಬಂತೆ. ತಿಂಡಿ ಬಡಿಸುತ್ತಿದ್ದ ಕಪ್ಪು ಹೆಂಗಸು ಪಕ್ಕದಲ್ಲೇ ನಿಂತಿದ್ದರು. ಅನ್ಯಾಯ ತನ್ನ ಬಾಯಲ್ಲೇ ಕೂತಿದೆ ಎಂದು ಆನ್‌ಗೆ ತಿಳಿದದ್ದು ಆಗ. ನನ್ನ ಮಟ್ಟಿಗೆ ಇದು ಫ್ರಾಕಿಗಿಂತ ದೊಡ್ಡ ಅರಿವು.

ಮನೆ ಮಾರಾಟದಲ್ಲೂ ಅದೇ ನಯವಾದ ವ್ಯವಸ್ಥೆ. ಕಪ್ಪು ಜನರಿಗೆ ಮಾರಕೂಡದೆಂಬ ಕರಾರುಗಳನ್ನು ನ್ಯಾಯಾಲಯಗಳು ಜಾರಿಮಾಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1948ರಲ್ಲೇ ಹೇಳಿತ್ತು. ಆದರೂ ಕೊಳ್ಳುವವರ ಬಣ್ಣ ಗೊತ್ತಾದೊಡನೆ ವ್ಯವಹಾರ ಮುರಿದುಬೀಳುತ್ತಿತ್ತು. ಅದಕ್ಕೇ ಆಂಡ್ರೂ ಮತ್ತು ಶಾರ್ಲೆಟ್ ವೇಡ್ ಎಂಬ ಕಪ್ಪು ದಂಪತಿ, ತಮ್ಮ ಪರವಾಗಿ ಮನೆ ಕೊಂಡುಕೊಡಿ ಎಂದು 1954ರಲ್ಲಿ ಆನ್ ಮತ್ತು ಆಕೆಯ ಗಂಡ ಕಾರ್ಲ್‌ರನ್ನು ಕೇಳಿಕೊಂಡರು. ಬ್ರೇಡನ್ ದಂಪತಿ ಲೂಯಿವಿಲ್ ಹೊರವಲಯದಲ್ಲಿ ತಮ್ಮ ಹೆಸರಿಗೆ ಮನೆ ಕೊಂಡು, ಪತ್ರವನ್ನು ವೇಡ್‌ರ ಹೆಸರಿಗೆ ವರ್ಗಾಯಿಸಿದರು. ವೇಡ್ ಕುಟುಂಬ ಬಂದೊಡನೆ ಕಿಟಕಿಗೆ ಕಲ್ಲು, ಗುಂಡು. ಪಕ್ಕದ ಜಾಗದಲ್ಲಿ ಉರಿಯುವ ಶಿಲುಬೆ, ಕಪ್ಪು ಜನರಿಗೆ ಬಿಳಿ ವರ್ಣದ್ವೇಷಿಗಳು ಒಡ್ಡುವ ಬೆದರಿಕೆ. ಜೂನ್ 27ರಂದು ಡೈನಮೈಟ್ ಸಿಡಿದು ಮನೆಯ ಒಂದು ಬದಿ ಹಾರಿಹೋಯಿತು. ಯಾರಿಗೂ ಪೆಟ್ಟಾಗಲಿಲ್ಲ.

ಸರ್ಕಾರಿ ವಕೀಲರು ಮನೆ ಕೊಂಡದ್ದನ್ನೂ ಸ್ಫೋಟವನ್ನೂ ಕಮ್ಯುನಿಸ್ಟರ ಸಂಚು ಎಂದರು. ಕಾರ್ಲ್‌ಗೆ ರಾಜದ್ರೋಹಕ್ಕಾಗಿ 15 ವರ್ಷ ಜೈಲು, 5,000 ಡಾಲರ್ ದಂಡ ವಿಧಿಸಲಾಯಿತು. ತಿಂಗಳುಗಟ್ಟಲೆ ಸೆರೆಯಲ್ಲಿದ್ದ ಮೇಲೆ, 1956ರಲ್ಲಿ ತೀರ್ಪು ರದ್ದಾಯಿತು. ಡೈನಮೈಟ್ ಇಟ್ಟದ್ದಕ್ಕೆ ಯಾರಿಗೂ ಶಿಕ್ಷೆಯಾಗಲಿಲ್ಲ.