ನಾಲ್ಕು ಗಂಟೆಯಲ್ಲಿ ಬರೆದ ಕರಡು

ನಾನು ಸರ್ಕಾರಿ ಕಚೇರಿಯಲ್ಲಿ ಕೇಸ್ ವರ್ಕರ್. ಕಡತ ತೆರೆಯುವುದು, ಟಿಪ್ಪಣಿ ಬರೆಯುವುದು, ಕರಡು ಹಾಕಿ ಸಾಹೇಬರಿಗೆ ಮಂಡಿಸುವುದು, ದಿನವೂ ಇದೇ. ಯಾರಾದರೂ "ಅಯ್ಯೋ, ಗುಮಾಸ್ತೆ ಕೆಲಸ ಬಿಡಿ" ಅಂದಾಗಲೆಲ್ಲ ನನಗೆ ವಿ.ಪಿ. ಮೆನನ್ ನೆನಪಾಗುತ್ತಾರೆ.

ಸಂಸ್ಥಾನಗಳನ್ನು ಒಂದು ಮಾಡಿದವರು ಪಟೇಲರು ಅಂತ ಶಾಲೆಯಲ್ಲಿ ಓದಿದ್ದೇವೆ. ನಿಜ. ಆದರೆ ಅವರ ಇಲಾಖೆಯ ಕಾರ್ಯದರ್ಶಿಯಾಗಿ ಕಾಗದಪತ್ರ ಕಟ್ಟಿದವರು ಮೆನನ್. ಕೇರಳದ ಒಟ್ಟಪಾಲಂ ಕಡೆಯವರು, ಹುಟ್ಟಿದ್ದು 1893ರಲ್ಲಿ. ಓದು ಅರ್ಧಕ್ಕೇ ನಿಂತಿತು. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ದುಡಿದರು, ಬೆಂಗಳೂರಿನಲ್ಲಿ ತಂಬಾಕು ಕಂಪನಿಯ ಗುಮಾಸ್ತರಾಗಿದ್ದರು, ಆಮೇಲೆ 1914ರಲ್ಲಿ ಶಿಮ್ಲಾದ ಗೃಹ ಇಲಾಖೆಗೆ ಸೇರಿದರು, ಅಲ್ಲೂ ಗುಮಾಸ್ತರಾಗಿಯೇ. ಐಸಿಎಸ್, ಅಂದರೆ ಬ್ರಿಟಿಷರ ಕಾಲದ ಉನ್ನತ ಅಧಿಕಾರಿಗಳ ಪರೀಕ್ಷೆ, ಪಾಸಾದವರಲ್ಲ. ಕಡತ ಓದಿ ಓದಿಯೇ ಮೇಲೆ ಬಂದು 1942ರಲ್ಲಿ ಸುಧಾರಣಾ ಆಯುಕ್ತರಾದರು, ಅಂದರೆ ಸಂವಿಧಾನದ ವಿಷಯಕ್ಕೆ ವೈಸರಾಯ್ ಸಲಹೆ ಕೇಳುವ ಅಧಿಕಾರಿ.

1947ರ ಮೇ ತಿಂಗಳು. ಆಗಿನ ವೈಸರಾಯ್ ಮೌಂಟ್‌ಬ್ಯಾಟನ್ ಶಿಮ್ಲಾದಲ್ಲಿ ಅಧಿಕಾರ ಹಸ್ತಾಂತರದ ಯೋಜನೆಯನ್ನು ನೆಹರೂಗೆ ತೋರಿಸಿದರು. ದೇಶ ಚೂರುಚೂರಾಗುತ್ತದೆ ಅಂತ ನೆಹರೂ ಸಿಡಿದುಬಿದ್ದರು. ಸಂಜೆಯೊಳಗೆ ಬೇರೆ ಯೋಜನೆ ಬೇಕಾಯಿತು. ಮೆನನ್ ಕೂತು ಸುಮಾರು ನಾಲ್ಕು ಗಂಟೆಯಲ್ಲಿ ಬರೆದುಕೊಟ್ಟರು. ಜೂನ್ 3ರಂದು ಘೋಷಣೆಯಾದ ಯೋಜನೆಯ ಬುನಾದಿ ಅದೇ. ನಾಲ್ಕು ಗಂಟೆ ಅಂತ ನಾವು ಹೇಳುತ್ತೇವೆ, ಆದರೆ ಅದರ ಹಿಂದೆ ಮೂವತ್ತು ವರ್ಷದ ಕಡತದ ಓದಿತ್ತಲ್ವಾ?

ಸಂಸ್ಥಾನಗಳ ವಿಷಯದಲ್ಲಿ ಅವರು ಮಾಡಿದ್ದು ನನಗೆ ಇನ್ನೂ ಇಷ್ಟ. ರಾಜರಿಂದ ಕೇಳಿದ್ದು ಮೂರೇ ಮೂರು: ರಕ್ಷಣೆ, ವಿದೇಶಾಂಗ, ಸಂಪರ್ಕ. ಉಳಿದದ್ದು ನಿಮ್ಮಲ್ಲೇ ಇರಲಿ ಅಂತ. ಜಾಸ್ತಿ ಕೇಳಿದ್ದರೆ ಸಹಿ ಬೀಳುತ್ತಿರಲಿಲ್ಲ, ಕಡಿಮೆ ಕೇಳಿದ್ದರೆ ದೇಶ ಅನ್ನುವುದೇ ಇರುತ್ತಿರಲಿಲ್ಲ. ನಮ್ಮ ಜಯಚಾಮರಾಜ ಒಡೆಯರ್ ಆಗಸ್ಟ್‌ನಲ್ಲಿ ಒಪ್ಪಿ ಸಹಿ ಹಾಕಿದ್ದು ಭಾರತಕ್ಕೆ ಸೇರುವ ಇಂಥ ಪತ್ರಕ್ಕೇ. ಎಲ್ಲ ಕಡೆ ಇಷ್ಟು ಸಲೀಸಾಗಿ ಆಗಲಿಲ್ಲ. ಜೋಧಪುರದ ಯುವ ಮಹಾರಾಜ ಹನ್ವಂತ್ ಸಿಂಗ್ ವೈಸರಾಯ್ ಭವನದಲ್ಲಿ, ಮೌಂಟ್‌ಬ್ಯಾಟನ್ ಆಚೆ ಹೋದ ಹೊತ್ತಿನಲ್ಲಿ, ಪೆನ್ನಿನೊಳಗೆ ಅಡಗಿದ್ದ ಪಿಸ್ತೂಲು ತೆಗೆದು ಮೆನನ್ ಕಡೆ ಹಿಡಿದರು. ಹೆದರಿಸಿದರೆ ಏನೂ ಬದಲಾಗುವುದಿಲ್ಲ ಅಂತ ಮೆನನ್ ಸಮಾಧಾನವಾಗಿಯೇ ಹೇಳಿದರು. ಜೋಧಪುರವೂ ಸೇರಿತು.

1950ರ ಡಿಸೆಂಬರ್‌ನಲ್ಲಿ ಪಟೇಲರು ತೀರಿಕೊಂಡರು. ಆಮೇಲೆ ಮೆನನ್‌ಗೆ ಒರಿಸ್ಸಾದಲ್ಲಿ ಸ್ವಲ್ಪ ದಿನ ರಾಜ್ಯಪಾಲಗಿರಿ, ಮೊದಲ ಹಣಕಾಸು ಆಯೋಗದಲ್ಲಿ ಸದಸ್ಯತ್ವ, ಅಷ್ಟೇ. ಇಂಥವರನ್ನು ಇಷ್ಟು ಬೇಗ ಬದಿಗಿಟ್ಟದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಬೆಂಗಳೂರಿಗೆ ಬಂದು ನೆಲೆಸಿದರು. ಸಂಸ್ಥಾನಗಳ ಕಥೆ ಬರೆಯುತ್ತೇನೆ ಅಂತ ಪಟೇಲರಿಗೆ ಕೊಟ್ಟಿದ್ದ ಮಾತನ್ನು 1956ರಲ್ಲಿ ದಪ್ಪ ಪುಸ್ತಕವಾಗಿ ಉಳಿಸಿಕೊಂಡರು. ಕೊನೆಯ ದಿನಗಳೂ ಬೆಂಗಳೂರಿನಲ್ಲೇ.

ಮೊನ್ನೆ ನಮ್ಮ ಶಾಖೆಗೆ ಹೊಸದಾಗಿ ಸೇರಿದ ಹುಡುಗಿ ತನ್ನ ಮೊದಲ ಕರಡು ತಂದು "ಸರ್, ಒಂದ್ಸಲ ನೋಡಿ" ಅಂದಳು. ಒಂದೂವರೆ ಪುಟ. ಕುರ್ಚಿ ಎಳೆದು ಕೂರಿಸಿಕೊಂಡೆ. ಒಂದೊಂದೇ ಸಾಲು ಇಬ್ಬರೂ ಓದುತ್ತಾ ಹೋದೆವು, ಊಟದ ಹೊತ್ತು ಮೀರಿತ್ತು.