ಐದು ರೂಪಾಯಿ ನಾಣ್ಯ

ನಮ್ಮದು ಪಾವಗಡ ಕಡೆಯ ಹಳ್ಳಿ. ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು ಅಂತಾರೆ. ನಮ್ಮ ಕೇರಿಯವರು ಅದನ್ನೇ ಕುಡಿದು ಬೆಳೆದವರು. ಅಪ್ಪನಿಗೆ 45ಕ್ಕೇ ಮಂಡಿ ಮಡಚಲು ಆಗುತ್ತಿರಲಿಲ್ಲ. ನನ್ನ ಹಲ್ಲಿನ ಮೇಲೆ ಕಂದು ಗೆರೆಗಳು ಈಗಲೂ ಇವೆ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಊರೊಳಗೆ ಶುದ್ಧ ನೀರಿನ ಘಟಕ ಬಂತು. ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್. ಮೊದಲ ವಾರವೇ ಅವ್ವನ ಜೊತೆ ಹೋದೆ. ಮುಂದಿದ್ದ ಇಬ್ಬರು ನೀರು ಹಿಡಿದುಕೊಂಡು ಹೋದರೂ ಅವ್ವ ಹತ್ತಿರ ಹೋಗಲಿಲ್ಲ. ಕಟ್ಟೆಯಿಂದ ದೂರ ಕ್ಯಾನ್ ಇಟ್ಟು, ನಾಣ್ಯ ಮುಷ್ಟಿಯಲ್ಲಿ ಹಿಡಿದು ನಿಂತಳು. ಊರಿನವರು ಯಾರಾದರೂ ಬಂದು ಹಾಕಿಕೊಡಬೇಕು. ಹಾಗಂತ ಬೋರ್ಡೇನೂ ಇರಲಿಲ್ಲ. ಅವ್ವನಿಗೆ ಯಾರೂ ಹೇಳಲೂ ಬೇಕಿರಲಿಲ್ಲ. ಚಿಕ್ಕಂದಿನಲ್ಲಿ ಬಾವಿಕಟ್ಟೆಯ ಕೆಳಗೆ ಹೀಗೇ ಕಾದು, ಮೇಲಿಂದ ಸುರಿದ ನೀರಿಗೆ ಕೊಡ ಒಡ್ಡಿದವಳು.

ಆ ವರ್ಷವೇ ಮೇಷ್ಟ್ರು ಮಹಾರಾಷ್ಟ್ರದ ಮಹಾಡ್ ಊರಿನ ಕಥೆ ಹೇಳಿದ್ದರು. 1927ರಲ್ಲಿ ಅಂಬೇಡ್ಕರ್ ಚವದಾರ್ ಕೆರೆಗಿಳಿದು ಬೊಗಸೆ ನೀರು ಕುಡಿದದ್ದು, ಆಮೇಲೆ ಮೇಲ್ಜಾತಿಯವರು ಕೆರೆಗೆ ಸಗಣಿ, ಗಂಜಲ ಸುರಿದು ಶುದ್ಧ ಮಾಡಿದ್ದು. ನನ್ನ ಧೈರ್ಯ ಅಲ್ಲಿಂದ ಬಂತು ಅಂತ ಹೇಳಲಾರೆ. ಬಿಸಿಲು ಜೋರಿತ್ತು, ಅವ್ವ ನಿಂತೇ ಇದ್ದಳು, ಅಷ್ಟೆ.

ಅವಳ ಮುಷ್ಟಿ ಬಿಡಿಸಿ ನಾಣ್ಯ ತಗೊಂಡು ನಾನೇ ಹಾಕಿದೆ. ಟಣ್ ಅಂತ ಬಿತ್ತು. ಕ್ಯಾನ್ ತುಂಬುವ ತನಕ ಅವ್ವ ಬೀದಿಯನ್ನೇ ನೋಡುತ್ತಿದ್ದಳು.

ಅರ್ಧ ತುಂಬಿತ್ತೇನೋ, ಒಬ್ಬ ಅಜ್ಜಿ ಬಂದರು. ಬೈಯಲಿಲ್ಲ. "ಒಂದ್ ಗಳಿಗೆ ಕಾಯೋಕಾಗಲಿಲ್ವಾ? ನಾನೇ ಹಾಕ್ಕೊಡ್ತಿದ್ದೆ" ಅಂದರು. ನಾವು ಕ್ಯಾನ್ ಎತ್ತಿಕೊಂಡ ಮೇಲೆ ತಮ್ಮ ನಾಣ್ಯ ಹಾಕಿ, ಮೊದಲು ಬಂದ ನೀರನ್ನು ಚೊಂಬಿಗೆ ಹಿಡಿದು ನಲ್ಲಿ ತೊಳೆದರು. ಇನ್ನೊಂದು ಚೊಂಬು ಹಿಡಿದು ಕಟ್ಟೆ ತೊಳೆದರು. ಅಪ್ಪ ಒಂದು ದಿನ ಕುಡಿಯುವಷ್ಟು ಒಳ್ಳೆ ನೀರು ಮೋರಿಗೆ ಹೋಯಿತು.

2022ರಲ್ಲಿ ಚಾಮರಾಜನಗರದ ಹೆಗ್ಗೋಠಾರದಲ್ಲಿ ದಲಿತ ಮಹಿಳೆ ನೀರು ಕುಡಿದರು ಅಂತ ತೊಂಬೆ ಖಾಲಿ ಮಾಡಿ, ಗಂಜಲ ಹಾಕಿ ತೊಳೆದ ಸುದ್ದಿ ಬಂತು. ಈ ಕಾಲದಲ್ಲೂ ಹೀಗಾ ಅಂತ ಜೊತೆಯವರು ಕೇಳಿದರು. ನನಗೆ ಆ ಅಜ್ಜಿಯ ಚೊಂಬು ಕಣ್ಣಿಗೆ ಕಟ್ಟಿತು.

ಅವತ್ತು ದಾರಿಯುದ್ದಕ್ಕೂ ಅವ್ವ ಮಾತಾಡಲಿಲ್ಲ. ಮನೆಗೆ ಬಂದು ಮೊದಲ ಲೋಟ ಅಪ್ಪನಿಗೆ ಕೊಟ್ಟಳು. ಅಪ್ಪ ಒಂದು ಗುಟುಕು ಕುಡಿದು, "ಸಪ್ಪೆ ಐತಲ್ಲೇ" ಅಂದ. ಲೋಟ ಖಾಲಿ ಮಾಡಿ ಮತ್ತೆ ಕೈ ಚಾಚಿದ.